ಬೇರೆಯವರು ಕಳಿಸಿದ ಡಿಐ ಟ್ರ್ಯಾಕ್ ರೀಆಂಪ್ ಮಾಡುವಾಗ ಲೆವೆಲ್ ಎಷ್ಟಿಡಬೇಕು?

ಮಂದ್ರ

ನಮ್ಮ ಗಿಟಾರಿಸ್ಟ್ ಈಗ ಬೇರೆ ಊರಲ್ಲಿದ್ದಾನೆ. ಅವನು ಮನೆಯಲ್ಲೇ ಡಿಐ (ಆಂಪಿಲ್ಲದೆ ಗಿಟಾರಿಂದ ನೇರ ತಗೊಂಡ ಸಿಗ್ನಲ್) ರೆಕಾರ್ಡ್ ಮಾಡಿ ವೇವ್ ಫೈಲ್ ಕಳಿಸ್ತಾನೆ. ಟ್ಯೂಬ್ ಆಂಪ್, ಕ್ಯಾಬಿನೆಟ್, ಮೈಕ್ ಎಲ್ಲ ನನ್ನ ಹತ್ರ ಇದೆ. ಇಂಟರ್ಫೇಸಿನ (ಕಂಪ್ಯೂಟರಿಗೆ ಸದ್ದು ಒಳಗೆ ಹೊರಗೆ ಮಾಡೋ ಪೆಟ್ಟಿಗೆ) 3ನೇ ಔಟ್‌ಪುಟ್‌ನಿಂದ ಪ್ಯಾಸಿವ್ ರೀಆಂಪ್ ಬಾಕ್ಸಿಗೆ, ಅಲ್ಲಿಂದ ಆಂಪಿಗೆ ಕೊಟ್ಟು ಮೈಕಲ್ಲಿ ಮತ್ತೆ ರೆಕಾರ್ಡ್ ಮಾಡ್ತಿದ್ದೀನಿ, ರೀಆಂಪ್ ಅಂದ್ರೆ ಇದೇ.

ಸಮಸ್ಯೆ ಏನಂದ್ರೆ, ಆಂಪಿನ ಅದೇ ಸೆಟ್ಟಿಂಗಲ್ಲಿ ನನ್ನ ಗಿಟಾರ್ ನೇರ ಚುಚ್ಚಿದ್ರೆ ಚೆಂದದ ಕ್ರಂಚ್ ಬರತ್ತೆ. ಅವನ ಡಿಐ ಕಳಿಸಿದ್ರೆ ಎಲ್ಲ ಕಲಸಿಹೋಗಿ, ಕೆಳಗಿನ ತಂತಿಗಳು ರಾಡಿಯಾಗಿ ಕೇಳತ್ತೆ. ಆಂಪಲ್ಲಿ ಗೇನ್ ಇಳಿಸಿದ್ರೆ ರಾಡಿ ಹೋಗತ್ತೆ, ಜೊತೆಗೆ ಜೀವಾನೂ ಹೋಗತ್ತೆ. ಬಾಕ್ಸ್ ಮೇಲೆ ಒಂದು ನಾಬ್ ಇದೆ, ಅದಕ್ಕೆ ಗುರುತು ಗಿರುತು ಏನಿಲ್ಲ. ಅದನ್ನ ಎಲ್ಲಿಡಬೇಕು ಅಂತ ಯಾರಾದ್ರೂ ಹೇಳ್ತೀರಾ? ಮೇಲಿಂದ ಸಣ್ಣಗೆ ಗುಂಯ್ ಅನ್ನೋ ಹಮ್ ಬೇರೆ.

ಚಿಟಿಕೆಗೇನ್

ಗುರು, ಇಷ್ಟೆಲ್ಲ ತಾಪತ್ರಯ ಯಾಕೆ? ಆಂಪ್ ಸಿಮ್ ಪ್ಲಗಿನ್ (ಆಂಪನ್ನ ಅನುಕರಿಸೋ ಸಾಫ್ಟ್‌ವೇರ್) ಹಾಕು, ಐಆರ್ (ಕ್ಯಾಬಿನೆಟ್ ಸದ್ದಿನ ಅಚ್ಚು ಇರೋ ಫೈಲ್) ಲೋಡ್ ಮಾಡು, ಮುಗೀತು. ಮಿಕ್ಸಲ್ಲಿ ಯಾರಿಗೂ ಗೊತ್ತಾಗಲ್ಲ.

ಮಂದ್ರ

ಪ್ಲಗಿನ್ನಲ್ಲೂ ಅದೇ ರಾಡಿ ಮಗಾ. ಅದಕ್ಕೇ ತಲೆ ಕೆಟ್ಟಿರೋದು.

ಸೊನ್ನೆಡಿಬಿ

ಪ್ಲಗಿನ್ನಲ್ಲೂ ಹಾಗೇ ಬರುತ್ತಿದೆ ಅಂದರೆ ಆಂಪ್, ಮೈಕ್, ಬಾಕ್ಸ್ ಮೂರರ ಮೇಲಿನ ಅನುಮಾನವನ್ನು ಸದ್ಯಕ್ಕೆ ಬಿಡಬಹುದು. ಫೈಲಿನಲ್ಲೇ ಲೆವೆಲ್ ಹೆಚ್ಚಾಗಿದೆ. ಅವರು ಕಳಿಸುವ ಮುಂಚೆ ನಾರ್ಮಲೈಸ್ (ತುದಿ ಗರಿಷ್ಠದ ಹತ್ತಿರ ಬರುವಂತೆ ಫೈಲಿನ ಲೆವೆಲ್ ಏರಿಸುವುದು) ಮಾಡಿದ್ದಾರಾ ಕೇಳಿ. ವೇವ್‌ಫಾರ್ಮಿನ ತುದಿ ಸರಿಯಾಗಿ -1 ಅಥವಾ 0 ಡಿಬಿಎಫ್‌ಎಸ್‌ಗೆ (ಡಿಜಿಟಲ್ ಅಳತೆ, 0 ಅಂದರೆ ಗರಿಷ್ಠ) ಮುಟ್ಟಿದ್ದರೆ ಹೆಚ್ಚುಕಡಿಮೆ ಅದೇ ಕಥೆ.

ಹಾಡಿನ ಟ್ರ್ಯಾಕಿಗೆ ಲೆವೆಲ್ ಏರಿಸಿದರೆ ಸದ್ದು ಜೋರಾಗುತ್ತದೆ, ಅಷ್ಟೇ. ಡಿಐ ಟ್ರ್ಯಾಕಿಗೆ ಏರಿಸಿದರೆ ಬಣ್ಣವೇ ಬದಲಾಗುತ್ತದೆ, ಯಾಕಂದರೆ ಅದರ ಮುಂದೆ ಡಿಸ್ಟಾರ್ಶನ್ ಇದೆ. ಆಂಪಿನ ಮೊದಲ ಟ್ಯೂಬಿಗೆ ಗೊತ್ತಾಗುವುದು ಬರುವ ವೋಲ್ಟೇಜ್ ಮಾತ್ರ. ಸಾಮಾನ್ಯ ಪ್ಯಾಸಿವ್ ಪಿಕಪ್ಪಿನಿಂದ ಮೆಲ್ಲಗೆ ಮೀಟಿದಾಗ ಒಂದು ವೋಲ್ಟಿನ ಹತ್ತನೇ ಭಾಗದ ಆಸುಪಾಸು ಬರುತ್ತದೆ, ಹಂಬಕರ್ (ಎರಡು ಸುರುಳಿಯ ಪಿಕಪ್) ಮೇಲೆ ಜೋರಾಗಿ ಬಾರಿಸಿದರೆ ಒಂದು ವೋಲ್ಟ್ ದಾಟಬಹುದು. ನಿಮ್ಮ ಇಂಟರ್ಫೇಸಿನ ಲೈನ್ ಔಟ್ ಇರುವುದು ಬೇರೆ ಲೋಕದಲ್ಲಿ. ವೃತ್ತಿಪರ ಲೈನ್ ಲೆವೆಲ್ ಅಂದರೆ +4 ಡಿಬಿಯು, ಅಂದರೆ 1.23 ವೋಲ್ಟ್ ಸರಾಸರಿ ಮಟ್ಟ, ತುದಿ ಅದಕ್ಕಿಂತ ಎಷ್ಟೋ ಮೇಲೆ. ರೀಆಂಪ್ ಬಾಕ್ಸಿನ ಕೆಲಸ ಅದನ್ನು ಇಳಿಸಿ, ಬ್ಯಾಲೆನ್ಸ್‌ಡ್ ಸಿಗ್ನಲನ್ನು ಅನ್‌ಬ್ಯಾಲೆನ್ಸ್‌ಡ್ ಮಾಡಿ, ಆಂಪಿಗೆ ಗಿಟಾರ್ ಚುಚ್ಚಿದ ಹಾಗೆ ಅನ್ನಿಸುವುದು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಗಿಟಾರಿನಿಂದ ಹೊರಟಾಗ ಎಷ್ಟು ವೋಲ್ಟೇಜ್ ಇತ್ತೋ ಆಂಪ್ ಮುಟ್ಟುವಾಗ ಅಷ್ಟೇ ಇರುವ ಕಡೆ ನಾಬ್ ಇಡಬೇಕು.

ಕಿವಿಯೇಮೀಟರ್

ಇಷ್ಟೆಲ್ಲ ಲೆಕ್ಕ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಾನು ಮಾಡೋದು ಹೀಗೆ. ನನ್ನದೇ ಗಿಟಾರನ್ನ ಇಂಟರ್ಫೇಸಿಗೆ ಹಾಕಿ ಒಂದು ರಿಫ್ ರೆಕಾರ್ಡ್ ಮಾಡ್ತೀನಿ, ಇನ್‌ಪುಟ್ ಗೇನ್ ಪೂರ್ತಿ ಕೆಳಗೆ. ಅದನ್ನ ಲೂಪ್ ಮಾಡಿ ಬಾಕ್ಸ್ ಮೂಲಕ ಆಂಪಿಗೆ ಬಿಡ್ತೀನಿ. ಆಂಪಿನ ಕೇಬಲ್ ಕಿತ್ತು ಒಂದ್ಸಲ ನೇರ ಗಿಟಾರ್, ಒಂದ್ಸಲ ಬಾಕ್ಸ್. ಕ್ಲೀನ್ ಒಡೆದು ಕ್ರಂಚ್ ಶುರುವಾಗೋ ಜಾಗ ಎರಡರಲ್ಲೂ ಒಂದೇ ಆಗೋವರೆಗೆ ನಾಬ್ ತಿರುಗಿಸ್ತೀನಿ. ಸಿಕ್ಕಿದ ಜಾಗಕ್ಕೆ ಟೇಪ್ ಅಂಟಿಸಿ ಗೆರೆ ಎಳೆದುಬಿಟ್ರೆ ಆಯ್ತು, ಆಮೇಲೆ ಯಾವ ಜನ್ಮದಲ್ಲೂ ಮುಟ್ಟಬೇಕಿಲ್ಲ.

ಹೈ ಗೇನಲ್ಲಿ ಹೋಲಿಸಬೇಡಿ. ಅಲ್ಲಿ ಎಲ್ಲ ಮೊದಲೇ ಒತ್ತಿಹೋಗಿರತ್ತೆ, 6 ಡಿಬಿ ಹೆಚ್ಚುಕಮ್ಮಿ ಆದ್ರೂ ಕಿವಿಗೆ ಬೀಳಲ್ಲ. ಒಡೆಯೋ ಹಂತದಲ್ಲಿರೋ ಆಂಪೇ ಸುಳ್ಳು ಹೇಳದ ಆಂಪು.

ಸೊನ್ನೆಡಿಬಿ

ನಿಮ್ಮ ವಿಧಾನ ಸರಿ, ನಾನೂ ಬಳಸುತ್ತೇನೆ. ಆದರೆ ಅದು ಸರಿಮಾಡುವುದು ಮಂದ್ರ ಅವರ ಕಡೆಯ ಅರ್ಧವನ್ನು ಮಾತ್ರ. ಅವರ ಗೆಳೆಯನ ಇಂಟರ್ಫೇಸು, ಗೇನ್ ನಾಬು, ನಾರ್ಮಲೈಸ್ ಇವೆಲ್ಲ ಆಚೆ ಕಡೆ ಇವೆ. ಕಿವಿಗೆ ಹೋಲಿಸಲು ಆ ಗಿಟಾರ್ ಇಲ್ಲಿಲ್ಲವಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಇಂಟರ್ಫೇಸಿನ ಕೈಪಿಡಿಯಲ್ಲಿ ಎರಡು ಸಂಖ್ಯೆ ಇರುತ್ತವೆ. ಇನ್‌ಸ್ಟ್ರುಮೆಂಟ್ ಇನ್‌ಪುಟ್ಟಿಗೆ ಕನಿಷ್ಠ ಗೇನಿನಲ್ಲಿ ಗರಿಷ್ಠ ಲೆವೆಲ್ ಎಷ್ಟು, ಲೈನ್ ಔಟ್‌ಪುಟ್ಟಿನ ಗರಿಷ್ಠ ಲೆವೆಲ್ ಎಷ್ಟು. ಉದಾಹರಣೆಗೆ ಇನ್‌ಪುಟ್ +12.5 ಡಿಬಿಯು, ಔಟ್‌ಪುಟ್ +15.5 ಡಿಬಿಯು ಅಂದುಕೊಳ್ಳಿ. 0 ಡಿಬಿಯು ಅಂದರೆ 0.775 ವೋಲ್ಟ್. ಒಳಗೆ 3.27 ವೋಲ್ಟ್ ಬಂದಾಗ ಮೀಟರ್ ಸೊನ್ನೆ ಮುಟ್ಟುತ್ತದೆ, ಅದೇ ಸೊನ್ನೆಯನ್ನು ಹೊರಗೆ ಬಿಟ್ಟರೆ 4.62 ವೋಲ್ಟ್. ಏನೂ ಮಾಡದಿದ್ದರೂ 3 ಡಿಬಿ ಹೆಚ್ಚಾಗಿಯೇ ಹೊರಡುತ್ತದೆ. ಇಲ್ಲಿ ಬಾಕ್ಸು 3 ಡಿಬಿ ಮಾತ್ರ ಇಳಿಸಬೇಕು. ಗೆಳೆಯ ಗೇನನ್ನು 10 ಡಿಬಿ ಏರಿಸಿ ರೆಕಾರ್ಡ್ ಮಾಡಿದ್ದರೆ 13 ಇಳಿಸಬೇಕು. ಮೇಲೆ ನಾರ್ಮಲೈಸ್ ಮಾಡಿದ್ದರೆ ಅದನ್ನೂ ಸೇರಿಸಿ. ಗೇನ್ ನಾಬಿಗೆ ಸಂಖ್ಯೆಯೇ ಇಲ್ಲದಿದ್ದರೆ ಎಷ್ಟು ಏರಿಸಿದ ಅನ್ನುವುದು ಆತನಿಗೂ ತಿಳಿಯದು. ಪೂರ್ತಿ ಕೆಳಗಿಟ್ಟೇ ರೆಕಾರ್ಡ್ ಮಾಡಿ ಅಂತ ಹೇಳುವುದು ಇದಕ್ಕೇ: ಪೂರ್ತಿ ಕೆಳಗೆ ಅನ್ನುವ ಜಾಗ ನಾಳೆಯೂ ಅಲ್ಲೇ ಸಿಗುತ್ತದೆ.

ಪರೀಕ್ಷಿಸಲು ಮಲ್ಟಿಮೀಟರ್ ಸಾಕು. ಡಾ ಸಾಫ್ಟ್‌ವೇರಿನಲ್ಲಿ (ರೆಕಾರ್ಡಿಂಗ್ ಮಾಡುವ ತಂತ್ರಾಂಶ) 200 ಹರ್ಟ್ಜ್ ಸೈನ್ ತರಂಗವನ್ನು -20 ಡಿಬಿಎಫ್‌ಎಸ್‌ನಲ್ಲಿ ಹಾಕಿ, ಬಾಕ್ಸಿನ ಔಟ್‌ಪುಟ್ ಜ್ಯಾಕಿನಲ್ಲಿ ಎಸಿ ವೋಲ್ಟ್ ಅಳೆಯಿರಿ. ಮೇಲಿನ ಉದಾಹರಣೆಗೆ ನಾಬನ್ನು 0.327 ವೋಲ್ಟ್ ತೋರಿಸುವ ಕಡೆ ಇಟ್ಟರೆ ಒಳಗೆ ಬಂದದ್ದೂ ಹೊರಗೆ ಹೋದದ್ದೂ ಸಮ. ಅಗ್ಗದ ಮೀಟರುಗಳು 1 ಕಿಲೋಹರ್ಟ್ಜ್ ಮೇಲೆ ತಪ್ಪು ತೋರಿಸುವುದುಂಟು, ಅದಕ್ಕೇ 200.

ತಂತಿಪೆಟ್ಟಿಗೆ

ನೋಡ್ರೀ, ಲೆವೆಲ್ ಬಗ್ಗೆ ಇಷ್ಟ ಮಾತಾಡಾಕತ್ತೀರಿ, ಹಮ್ ಬಗ್ಗೆ ಯಾರೂ ಹೇಳವಲ್ರಿ. ಮಂದ್ರ ಅವ್ರ, ಮೊದಲ ಡಿಐ ಟ್ರ್ಯಾಕ್ ಮ್ಯೂಟ್ ಮಾಡ್ರಿ. ಆಂಪ್ ಚಾಲೂ ಇರ್ಲಿ. ಇನ್ನೂ ಗುಂಯ್ ಅಂದ್ರ ಹಮ್ ನಿಮ್ಮ ಮನ್ಯಾಗ ಐತಿ. ಸುಮ್ಮನಾತು ಅಂದ್ರ ಹಮ್ ಫೈಲಿನ್ಯಾಗ ಕುಂತೈತಿ, ಅದನ್ನ ನೀವು ಏನ್ ಮಾಡಿದ್ರೂ ಪೂರಾ ತೆಗಿಯಾಕ ಬರಂಗಿಲ್ಲ.

ನಿಮ್ಮ ಮನ್ಯಾಗ ಇದ್ರ ಗ್ರೌಂಡ್ ಲೂಪ್ ಇರಬೇಕ್ರಿ. ಕಂಪ್ಯೂಟರ್ ಒಂದ್ ಕಡೆ ಅರ್ಥ್ ಆಗೈತಿ, ಆಂಪ್ ಇನ್ನೊಂದ್ ಕಡೆ, ನಡುವ ಕೇಬಲ್ ಸುತ್ತ ಹಾಕೈತಿ. ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ರಿ. ಟ್ರಾನ್ಸ್‌ಫಾರ್ಮರ್ ಇರೋ ಬಾಕ್ಸ್ ಆದ್ರ ಅಲ್ಲಿಗೇ ಬಂದ್ ಆಗ್ತೈತಿ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕ್ರಿ. ಆದ್ರ ಆಂಪಿನ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕಿತ್ತೊಗಿಬ್ಯಾಡ್ರಿ. ಹಮ್ ಹೋಗ್ತೈತಿ ಅಂತ ಹೇಳಿಕೊಡೋ ಪುಣ್ಯಾತ್ಮರು ಭಾಳ ಮಂದಿ ಅದಾರ. ಟ್ಯೂಬ್ ಆಂಪಿನ ಒಳಗ ನೂರಾರು ವೋಲ್ಟ್ ಇರ್ತಾವ, ಅರ್ಥ್ ಇಲ್ಲದಾಗ ಏನರ ಕೆಟ್ರ ಅದು ನಿಮ್ಮ ತಂತಿಗೇ ಬರ್ತೈತಿ.

ಗುಂಯ್ ಬದಲಿ ಕೀ ಅಂತ ಸಣ್ಣ ಸದ್ದು ಬಂದ್ರ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮ್ಯಾಲ ನಡಿಸಿ ನೋಡ್ರಿ.

ಚಿಟಿಕೆಗೇನ್

ಬಾಕ್ಸ್ ಇಲ್ದೇನೂ ಆಗತ್ತಲ್ಲ? ಲೈನ್ ಔಟ್‌ನಿಂದ ನೇರ ಕೇಬಲ್ ಹಾಕಿ ಡಾ ಫೇಡರ್ ಇಳಿಸಿದ್ರೆ ನಂಗೆ ಕೆಲಸ ಆಗಿದೆ.

ಸೊನ್ನೆಡಿಬಿ

ಆಗುತ್ತದೆ. ಲೆವೆಲ್ ಫೇಡರಿನಲ್ಲೇ ಇಳಿಸಬಹುದು, 24 ಬಿಟ್ಟಿನಲ್ಲಿ ಅಷ್ಟು ಇಳಿಸಿದರೆ ನಷ್ಟ ಗೊತ್ತಾಗುವುದಿಲ್ಲ. ಬಾಕ್ಸಿನ ನಿಜವಾದ ಉಪಯೋಗ ಟ್ರಾನ್ಸ್‌ಫಾರ್ಮರಿನ ಪ್ರತ್ಯೇಕತೆ, ಅಂದರೆ ತಂತಿಪೆಟ್ಟಿಗೆ ಹೇಳಿದ ಹಮ್ಮಿಗೆ ಮದ್ದು. ನಿಮ್ಮ ಮನೆಯಲ್ಲಿ ಹಮ್ ಇಲ್ಲದಿದ್ದರೆ ನಿಮ್ಮ ಅದೃಷ್ಟ. ಒಂದೇ ಎಚ್ಚರಿಕೆ, ಸಾಫ್ಟ್‌ವೇರ್ ಶುರುವಾಗುವಾಗ ಯಾವುದೋ ಸದ್ದು ಪೂರ್ತಿ ಲೆವೆಲ್ಲಿನಲ್ಲಿ ಹೊರಟರೆ ಆಂಪ್ ಮುಂದೆ ಕೂತವರ ಕಿವಿ ಹೋಗುತ್ತದೆ. ಆಂಪನ್ನು ಸ್ಟ್ಯಾಂಡ್‌ಬೈನಲ್ಲಿಟ್ಟು ಪ್ರಾಜೆಕ್ಟ್ ತೆರೆಯಿರಿ.

ಪ್ಯಾಸಿವ್ ಡಿಐ ಬಾಕ್ಸನ್ನು ತಿರುವುಮುರುವಾಗಿ ಹಾಕುವವರೂ ಇದ್ದಾರೆ. ಅದರ ಟ್ರಾನ್ಸ್‌ಫಾರ್ಮರ್ ಗಿಟಾರಿನ ಕಡೆಯಿಂದ ಮೈಕಿನ ಕಡೆಗೆ ಸುಮಾರು 20 ಡಿಬಿ ಇಳಿಸುತ್ತದೆ, ಹಿಂದುಮುಂದು ಮಾಡಿದಾಗ ಅಷ್ಟನ್ನೇ ಏರಿಸುತ್ತದೆ. ಔಟ್‌ಪುಟ್ಟನ್ನು ಬಹಳ ಕೆಳಗಿಟ್ಟೇ ಶುರು ಮಾಡಬೇಕು. ಸ್ಟುಡಿಯೋಗಳಲ್ಲಿ ಇಂಥ ಜುಗಾಡುಗಳು ಮುಂಚಿನಿಂದ ಇದ್ದವು. 1990ರ ದಶಕದಲ್ಲಿ ಜಾನ್ ಕುನಿಬರ್ಟಿ ಅನ್ನುವ ರೆಕಾರ್ಡಿಂಗ್ ಎಂಜಿನಿಯರ್ ಇದಕ್ಕೆಂದೇ ಒಂದು ಪೆಟ್ಟಿಗೆ ಮಾಡಿ ರೀಆಂಪ್ ಅನ್ನುವ ಹೆಸರಿನಲ್ಲಿ ಮಾರಿದರು. ಈಗ ಆ ಹೆಸರು ರೇಡಿಯಲ್ ಕಂಪನಿಯ ಕೈಯಲ್ಲಿದೆ.

ಮಂದ್ರ

ಅಪ್‌ಡೇಟ್. ಹಮ್ ನನ್ನ ಮನೆಯದ್ದೇ, ಲಿಫ್ಟ್ ಸ್ವಿಚ್ ಒತ್ತಿದ ತಕ್ಷಣ ಹೋಯ್ತು. ತಂತಿಪೆಟ್ಟಿಗೆ ಸರ್‌ಗೆ ದೊಡ್ಡ ನಮಸ್ಕಾರ.

ಗೆಳೆಯನ್ನ ಕೇಳಿದೆ. ಎಕ್ಸ್‌ಪೋರ್ಟ್ ವಿಂಡೋದಲ್ಲಿ ನಾರ್ಮಲೈಸ್ ಟಿಕ್ ಆಗಿಯೇ ಇತ್ತಂತೆ. ಒಂದು ಹಾಡನ್ನ ಅದಿಲ್ಲದೆ ಮತ್ತೆ ಕಳಿಸಿದ್ದಾನೆ, ತುದಿ -12 ಹತ್ರ ಇದೆ. ಮುಂಚೆ -1 ಇತ್ತು. ಆದ್ರೆ ಉಳಿದ ಹಾಡುಗಳ ಪ್ರಾಜೆಕ್ಟ್ ಅವನ ಹತ್ರ ಈಗಿಲ್ಲ, ನಾರ್ಮಲೈಸ್ ಆದ ಫೈಲುಗಳಷ್ಟೇ ಗತಿ. ಗೇನ್ ನಾಬ್ ಎಲ್ಲಿತ್ತು ಅನ್ನೋದೂ ಖಾತ್ರಿ ಇಲ್ಲ ಅಂತಾನೆ. ಇವನ್ನ ಏನ್ಮಾಡೋದು?

ಸೊನ್ನೆಡಿಬಿ

ಅದೇ ಗಿಟಾರ್, ಅದೇ ಪಿಕಪ್ ಇದೆ ತಾನೇ? ಅವರು ಗೇನ್ ಪೂರ್ತಿ ಕೆಳಗಿಟ್ಟು ಆ ಹಾಡುಗಳ ಒಂದೊಂದು ತುಂಡನ್ನು, ಅದರಲ್ಲೂ ಅತಿ ಜೋರಾಗಿ ಹೊಡೆಯುವ ಜಾಗವನ್ನು, ಮತ್ತೆ ನುಡಿಸಿ ಕಳಿಸಲಿ. ಹಳೆಯ ಫೈಲಿನ ಅದೇ ಜಾಗದ ತುದಿಗೂ ಹೊಸದರ ತುದಿಗೂ ಎಷ್ಟು ಡಿಬಿ ವ್ಯತ್ಯಾಸವೋ ಅಷ್ಟು ಹಳೆಯದನ್ನು ಇಳಿಸಿ. ಕೈಯ ಬಿರುಸು ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದೆರಡು ಡಿಬಿ ಆಚೀಚೆ ಆಗಬಹುದು, ಅದನ್ನು ಕಿವಿಯೇಮೀಟರ್ ಅವರ ದಾರಿಯಲ್ಲಿ ಸರಿಮಾಡಿಕೊಳ್ಳಿ. ನಾರ್ಮಲೈಸ್ ಅಂದರೆ ಇಡೀ ಫೈಲನ್ನು ಒಂದೇ ಪ್ರಮಾಣದಲ್ಲಿ ಏರಿಸುವುದು, ಹಾಗಾಗಿ ಒಂದೇ ಪ್ರಮಾಣದಲ್ಲಿ ಇಳಿಸಿದರೆ ಮೊದಲಿನಂತಾಗುತ್ತದೆ. ಲಿಮಿಟರ್ (ಜೋರಾದ ತುದಿಗಳನ್ನು ಮಾತ್ರ ಒತ್ತುವಂಥದ್ದು) ಹಾಕಿದ್ದರೆ ಕಥೆ ಬೇರೆ, ಆಗ ಮತ್ತೆ ನುಡಿಸುವುದೊಂದೇ ದಾರಿ.

ಅವರ ಇಂಟರ್ಫೇಸಿನ ಕೈಪಿಡಿ ಸಿಗದಿದ್ದರೆ ಮೊಬೈಲಿನ ಹೆಡ್‌ಫೋನ್ ಔಟಿನಿಂದ 200 ಹರ್ಟ್ಜ್ ಟೋನನ್ನು ಇನ್‌ಸ್ಟ್ರುಮೆಂಟ್ ಇನ್‌ಪುಟ್ಟಿಗೆ ಬಿಟ್ಟು, ಜೊತೆಗೇ ಮಲ್ಟಿಮೀಟರಿನಲ್ಲಿ ವೋಲ್ಟ್ ಅಳೆಯಲಿ. 0.327 ವೋಲ್ಟ್ ಇರುವಾಗ ಪೀಕ್ ಮೀಟರ್ -20 ತೋರಿಸಿದರೆ ಅವರ ಇನ್‌ಪುಟ್ +12.5 ಅಂತ ಆಯಿತು. ಆ ಟೋನನ್ನು ರೆಕಾರ್ಡ್ ಮಾಡಿ ಫೈಲಿನ ಜೊತೆಗೇ ಕಳಿಸುವುದು ಇನ್ನೂ ಒಳ್ಳೆಯದು. ನೀವು ಅದನ್ನೇ ನುಡಿಸಿ ಬಾಕ್ಸಿನ ಔಟ್‌ಪುಟ್ಟಿನಲ್ಲಿ ಅವರು ಅಳೆದ ವೋಲ್ಟ್ ಬರುವಂತೆ ನಾಬ್ ತಿರುಗಿಸಿದರೆ ಸಾಕು, ಡಿಬಿಯು ಗಿಬಿಯು ಲೆಕ್ಕವೇ ಬೇಡ.

ಏಳನೇತಂತಿ

ಇಷ್ಟು ಹೊತ್ತು ಓದ್ತಾ ಇದ್ದೆ, ಒಂದು ವಿಷಯ ಸೇರಿಸ್ತೀನಿ. ಮುಂದಿನ ಸಲ ರೆಕಾರ್ಡ್ ಮಾಡುವಾಗ ಅವರು ಖಾಲಿ ಡಿಐ ಕೇಳ್ಕೊಂಡು ನುಡಿಸದಿರಲಿ. ಯಾವುದಾದ್ರೂ ಆಂಪ್ ಸಿಮ್ ಹಾಕಿ, ಕೊನೆಗೆ ಬೇಕಾದ ಸೌಂಡಿಗೆ ಹತ್ತಿರ ಇರೋದನ್ನ ಹೆಡ್‌ಫೋನಲ್ಲಿ ಕೇಳ್ತಾ ನುಡಿಸಲಿ. ಫೈಲಿಗೆ ಹೋಗೋದು ಡಿಐ ಮಾತ್ರ. ಕೈ ಕಿವಿಯನ್ನ ಹಿಂಬಾಲಿಸತ್ತೆ. ಕ್ಲೀನ್ ಸದ್ದು ಕೇಳ್ತಾ ನುಡಿಸಿದವರು ಜೋರಾಗಿ ಬಾರಿಸ್ತಾರೆ, ತಂತಿ ಮ್ಯೂಟ್ ಮಾಡೋದನ್ನ ಅಷ್ಟು ಗಮನಿಸಲ್ಲ. ಆಮೇಲೆ ಹೈ ಗೇನ್ ಹಾಕಿದಾಗ ಬೇಡದ ತಂತಿಗಳೆಲ್ಲ ಎದ್ದು ಕೂರ್ತಾವೆ. ಮಂದ್ರ ಅವರು ಹೇಳಿದ ರಾಡಿಯಲ್ಲಿ ಇದರ ಪಾಲೂ ಇರಬಹುದು ಅಂತ ನನ್ನ ಗುಮಾನಿ.

ಗಿಟಾರನ್ನ ಇನ್‌ಸ್ಟ್ರುಮೆಂಟ್ ಇನ್‌ಪುಟ್ಟಿಗೇ ಹಾಕಿದ್ದಾರಾ ಅಂತಲೂ ಕೇಳಿ. ಅದು ಸಾಮಾನ್ಯವಾಗಿ 1 ಮೆಗಓಮ್ ಆಸುಪಾಸು ಇರತ್ತೆ, ಆಂಪಿನ ಇನ್‌ಪುಟ್ ಥರಾನೇ. ಸ್ವಿಚ್ ಮರೆತು ಲೈನ್ ಇನ್‌ಪುಟ್ಟಲ್ಲಿ ಬಿಟ್ರೆ ಹತ್ತಾರು ಕಿಲೋಓಮ್ ಅಷ್ಟೇ, ಪಿಕಪ್ ಮೇಲೆ ಭಾರ ಬಿದ್ದು ಮೇಲಿನ ಹೊಳಪು ಹೊರಟುಹೋಗತ್ತೆ. ಈಕ್ಯೂನಲ್ಲಿ ಎಷ್ಟು ಎತ್ತಿದ್ರೂ ಆ ಹೊಳಪು ವಾಪಸ್ ಬರಲ್ಲ.

ಇನ್ನು ಎಡಿಟಿಂಗ್ ಎಲ್ಲ ರೀಆಂಪಿಗೆ ಮುಂಚೆ ಮುಗಿಸಿ, ಕತ್ತರಿಸಿದ ಕಡೆಯೆಲ್ಲ ಕ್ರಾಸ್‌ಫೇಡ್ ಹಾಕಿ. ಡಿಐನಲ್ಲಿ ಕೇಳಿಸದ ಸಣ್ಣ ಟಿಕ್ ಆಂಪಿನಿಂದ ಪಟಾಕಿ ಥರ ಹೊರಗೆ ಬರತ್ತೆ.

ಮಂದ್ರ

ಲೆವೆಲ್ ಸರಿಮಾಡಿದೆ. ವ್ಯತ್ಯಾಸ ನಂಬೋಕಾಗ್ತಿಲ್ಲ. ಕೆಳಗಿನ ತಂತಿಗಳು ಬೇರೆ ಬೇರೆಯಾಗಿ ಕೇಳ್ತಿವೆ, ಆಂಪಿನ ಗೇನ್ ಮುಟ್ಟೇ ಇಲ್ಲ. ಪ್ಲಗಿನ್ನಲ್ಲೂ ಫೈಲ್ ಇಳಿಸಿ ಹಾಕಿದ್ರೆ ಅದೇ ಬದಲಾವಣೆ.

ಈಗ ಇನ್ನೊಂದು ತೊಂದರೆ. ರೀಆಂಪ್ ಟ್ರ್ಯಾಕನ್ನೂ ಪ್ಲಗಿನ್ ಟ್ರ್ಯಾಕನ್ನೂ ಸೇರಿಸಿ ನುಡಿಸಿದ್ರೆ ಸೌಂಡ್ ಟೊಳ್ಳಾಗತ್ತೆ. ಒಂದೊಂದೇ ಕೇಳಿದ್ರೆ ಎರಡೂ ಚೆನ್ನಾಗಿವೆ.

ಕಿವಿಯೇಮೀಟರ್

ಮೊದಲು ಒಂದರ ಪೊಲಾರಿಟಿ ತಿರುಗಿಸಿ ನೋಡಿ. ಕೆಲವು ಬಾಕ್ಸು, ಕೆಲವು ಆಂಪ್ ಚಾನೆಲ್ ಸಿಗ್ನಲ್ಲನ್ನ ಉಲ್ಟಾ ಮಾಡ್ತಾವೆ. ಅದರಿಂದ ಸರಿಹೋಗದಿದ್ರೆ ಲೇಟೆನ್ಸಿ. ಹೊರಗೆ ಹೋಗಿ ಒಳಗೆ ಬರೋ ಅಷ್ಟರಲ್ಲಿ ಟ್ರ್ಯಾಕ್ ತಡವಾಗಿ ಕೂತಿರತ್ತೆ. ಡ್ರೈವರ್ ಹೇಳೋ ಲೆಕ್ಕದ ಮೇಲೆ ಡಾ ಸರಿಮಾಡ್ತದೆ, ಆದ್ರೆ ಡ್ರೈವರ್ ಯಾವಾಗ್ಲೂ ಪೂರ್ತಿ ನಿಜ ಹೇಳಲ್ಲ.

ಔಟ್‌ಪುಟ್ಟಿಂದ ಲೈನ್ ಇನ್‌ಪುಟ್ಟಿಗೆ ಒಂದು ಕೇಬಲ್ ನೇರ ಹಾಕಿ, ಒಂದು ಕ್ಲಿಕ್ ಬಿಟ್ಟು ರೆಕಾರ್ಡ್ ಮಾಡಿ. ಎರಡು ಕ್ಲಿಕ್ಕಿನ ನಡುವೆ ಎಷ್ಟು ಸ್ಯಾಂಪಲ್ ಅಂತರ ಅಂತ ಝೂಮ್ ಮಾಡಿ ಎಣಿಸಿ, ಆ ಸಂಖ್ಯೆಯನ್ನ ಸೆಟ್ಟಿಂಗಲ್ಲಿ ಆಫ್‌ಸೆಟ್ ಅಂತ ಕೊಡಿ. ಬಫರ್ ಸೈಜ್ ಅಥವಾ ಸ್ಯಾಂಪಲ್ ರೇಟ್ ಬದಲಿಸಿದ್ರೆ ಮತ್ತೆ ಅಳೀಬೇಕು. ಮೈಕ್ ದೂರಾನೂ ಲೆಕ್ಕಕ್ಕೆ ಬರತ್ತೆ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗತ್ತೆ, 48 ಕಿಲೋಹರ್ಟ್ಜಲ್ಲಿ ಅದು 48 ಸ್ಯಾಂಪಲ್. ಗ್ರಿಲ್ಲಿಗೆ ಅಂಟಿಸಿಟ್ಟ ಮೈಕಿಗೆ ಚಿಂತೆ ಇಲ್ಲ, ರೂಮ್ ಮೈಕ್ ಇದ್ರೆ ನೋಡ್ಕೊಳಿ.

ಪ್ರತಿ ಡಿಐ ಫೈಲಿನ ಶುರುವಲ್ಲಿ, ಹಾಡಿಗೆ ಮುಂಚೆ, ಒಂದು ಕ್ಲಿಕ್ ಅಂಟಿಸಿಡೋದು ನನ್ನ ಅಭ್ಯಾಸ. ಅದೂ ಆಂಪ್ ಮೂಲಕ ಹೋಗಿ ಬರತ್ತೆ, ಸಾಲಾಗಿ ಜೋಡಿಸೋಕೆ ಸುಲಭ.

ತಂತಿಪೆಟ್ಟಿಗೆ

ರೀಆಂಪ್ ರೆಕಾರ್ಡ್ ಮಾಡೋ ಟ್ರ್ಯಾಕಿನ ಔಟ್‌ಪುಟ್ 3ಕ್ಕ ಹೋಗಿಲ್ಲ ಅಂತ ನೋಡ್ಕೋರಿ. ಇನ್‌ಪುಟ್ ಮಾನಿಟರಿಂಗ್ ಚಾಲೂ ಇದ್ದು ಅದೂ 3ಕ್ಕ ಹೋದ್ರ ಮೈಕ್, ಆಂಪ್, ಮತ್ತ ಮೈಕ್ ಅಂತ ತಿರುಗಿ ಮನಿ ಮಂದಿ ಎಲ್ಲಾ ಎದ್ದು ಬರೂವಂಗ ಕಿರಚ್ತೈತಿ. 3ಕ್ಕ ಡಿಐ ಒಂದ ಹೋಗ್ಬೇಕು, ಮಾಸ್ಟರ್ ಬಸ್ ದಾಟಬಾರದು.

ಏಳನೇತಂತಿ

ಮನೆ ಮಂದಿ ಅಂದಾಗ ನೆನಪಾಯ್ತು. ರಾತ್ರಿ ಕೆಲಸ ಮಾಡೋರಿಗೆ, ಸ್ಪೀಕರ್ ಬದಲು ಸದ್ದಿಲ್ಲದೆ ಆಂಪಿನ ಪವರ್ ತಗೊಳ್ಳೋ ಲೋಡ್ ಬಾಕ್ಸ್ ಇದೆ. ಆಂಪಿನ ಸ್ಪೀಕರ್ ಔಟ್ ಲೋಡ್ ಬಾಕ್ಸಿಗೆ, ಅಲ್ಲಿಂದ ಲೈನ್ ಇನ್‌ಪುಟ್ಟಿಗೆ, ಕ್ಯಾಬಿನೆಟ್ ಬದಲು ಐಆರ್. ಆಂಪ್ 8 ಓಮ್ ಕೇಳಿದ್ರೆ ಲೋಡೂ 8 ಓಮ್ ಇರಲಿ. ಟ್ಯೂಬ್ ಆಂಪನ್ನ ಸ್ಪೀಕರೂ ಇಲ್ಲದೆ ಲೋಡೂ ಇಲ್ಲದೆ ಓಡಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ನ್ಯೂರಲ್ ಆಂಪ್ ಮಾಡೆಲರ್ ಅನ್ನೋ ಮುಕ್ತ ತಂತ್ರಾಂಶಾನೂ ರೀಆಂಪನ್ನೇ ನೆಚ್ಚಿಕೊಂಡಿರೋದು. ಅವರು ಕೊಡೋ ಕೆಲವೇ ನಿಮಿಷಗಳ ಪರೀಕ್ಷಾ ಫೈಲನ್ನ ಆಂಪಿನ ಮೂಲಕ ರೀಆಂಪ್ ಮಾಡಿ, ಬಂದ ರೆಕಾರ್ಡಿಂಗಿಂದ ಮಾಡೆಲ್ ತಯಾರಿಸ್ತಾರೆ. ಅಲ್ಲೂ ಲೆವೆಲ್ ತಪ್ಪಿದ್ರೆ ಮಾಡೆಲ್ಲಿನ ಗೇನ್ ಕೊನೇವರೆಗೂ ತಪ್ಪಾಗೇ ಇರತ್ತೆ. ಮಂದ್ರ ಅವರೇ, ಚೈನ್ ಹೇಗೂ ಸರಿಹೋಗಿದೆ, ನಿಮ್ಮ ಆಂಪನ್ನ ಹಾಗೆ ಹಿಡಿದು ಗೆಳೆಯನಿಗೆ ಕಳಿಸಿಬಿಡಿ. ಅವರು ಅದನ್ನೇ ಕೇಳ್ತಾ ಡಿಐ ನುಡಿಸಬಹುದು.

ಮಂದ್ರ

ಅದನ್ನ ಖಂಡಿತ ಮಾಡ್ತೀನಿ. ಪೊಲಾರಿಟಿ ತಿರುಗಿಸಿದ್ಮೇಲೆ ಅರ್ಧ ಸರಿಹೋಯ್ತು, ಉಳಿದದ್ದು ಆಫ್‌ಸೆಟ್ ಕೊಟ್ಟಾಗ ಹೋಯ್ತು. ಕೊನೇ ಪ್ರಶ್ನೆ: ಒಂದು ಹಾಡಿಗೆ ಹಳೇ ಜರ್ಮೇನಿಯಂ ಫಜ್ ಪೆಡಲ್ ಬೇಕಂತೆ. ಬಾಕ್ಸ್ ಮತ್ತು ಆಂಪ್ ನಡುವೆ ಹಾಕಿದ್ರೆ ಯಾಕೋ ಚುಚ್ಚೋ ಥರ ಕೇಳತ್ತೆ. ಲೆವೆಲ್ ಅಳೆದು ನೋಡ್ದೆ, ಸರಿ ಇದೆ.

ಸೊನ್ನೆಡಿಬಿ

ಅಲ್ಲಿ ಲೆವೆಲ್ ಒಂದೇ ಸಾಲದು. ಆ ಕಾಲದ ಫಜ್ ಪೆಡಲುಗಳ ಇನ್‌ಪುಟ್ ಇಂಪೀಡೆನ್ಸ್ ಬಹಳ ಕಡಿಮೆ. ಪಿಕಪ್ಪಿನ ಸುರುಳಿಯೂ ಗಿಟಾರಿನ ವಾಲ್ಯೂಮ್ ನಾಬೂ ಪೆಡಲಿನ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತವೆ, ಅದರಿಂದಲೇ ಮೇಲಿನ ಕಂಪನಾಂಕಗಳು ಮೆತ್ತಗಾಗುವುದು. ನಿಮ್ಮ ಬಾಕ್ಸ್ ಪಿಕಪ್ಪಿನಂಥ ಮೂಲ ಅಲ್ಲ, ಅದಕ್ಕೇ ಚುಚ್ಚುತ್ತದೆ. ಔಟ್‌ಪುಟ್ಟಿನಲ್ಲಿ ಪಿಕಪ್ಪನ್ನು ಅನುಕರಿಸುವ ಸುರುಳಿ ಇರುವ ಬಾಕ್ಸುಗಳಿವೆ. ಅದಿಲ್ಲದಿದ್ದರೆ ಬಾಕ್ಸಿಗೂ ಪೆಡಲಿಗೂ ನಡುವೆ 10 ಕಿಲೋಓಮ್ ಆಸುಪಾಸಿನ ರೆಸಿಸ್ಟರ್ ಸರಣಿಯಲ್ಲಿ ಹಾಕಿ ನೋಡಿ, ಸ್ವಲ್ಪ ಮೆತ್ತಗಾಗುತ್ತದೆ.

ನನ್ನನ್ನು ಕೇಳಿದರೆ, ಆ ಒಂದು ಹಾಡಿಗೆ ಪೆಡಲನ್ನು ಗೆಳೆಯನಿಗೇ ಕಳಿಸಿ. ಗಿಟಾರ್, ಫಜ್, ಆಮೇಲೆ ಇಂಟರ್ಫೇಸ್ ಅಂತ ರೆಕಾರ್ಡ್ ಮಾಡಲಿ, ನೀವು ಅಲ್ಲಿಂದ ಮುಂದಕ್ಕೆ ಆಂಪ್ ಮಾತ್ರ ರೀಆಂಪ್ ಮಾಡಿ. ಫಜ್ ಔಟ್‌ಪುಟ್ ಗಿಟಾರಿಗಿಂತ ಜೋರಾಗಿರುತ್ತದೆ, ಇನ್‌ಪುಟ್ ಕ್ಲಿಪ್ ಆಗದಂತೆ ಪೆಡಲಿನ ವಾಲ್ಯೂಮ್ ನೋಡಿಕೊಳ್ಳಲು ಹೇಳಿ.